ಮಿಮೂನನ ಗೋಡೆ

ಮಿಮೂನ್ ಕಲ್ಲೆದೆಯವನು. ತನ್ನ ತಪ್ಪನ್ನು ಒಮ್ಮೆಯೂ ಒಪ್ಪಿಕೊಳ್ಳದವನು. ಇಪ್ಪತ್ತಾರು ವರ್ಷ ನನ್ನ ಮನೆಯ ಕೆಳಗಿನ ಅಂಗಡಿಯಲ್ಲಿ ಮರ ಕೊಯ್ಯುವ ಮೋಟಾರು ಗರಗಸಗಳನ್ನು ರಿಪೇರಿ ಮಾಡಿದ. ಅಷ್ಟು ವರ್ಷಗಳಲ್ಲಿ ಇನ್ನೊಬ್ಬರ ತಪ್ಪನ್ನು ಅವನು ಮುಚ್ಚಿಟ್ಟದ್ದನ್ನು ನಾನು ನೋಡಲಿಲ್ಲ, ತನ್ನದನ್ನು ಹೇಳಿಕೊಂಡದ್ದನ್ನು ಕೇಳಲಿಲ್ಲ. ಇದನ್ನು ದೂರಿನ ಧಾಟಿಯಲ್ಲಿ ಹೇಳುತ್ತಿಲ್ಲ. ಅವನ ಬಾಗಿದ ಬೆನ್ನು, ಕಿವುಡಾದ ಎಡಗಿವಿ ಹೇಗೋ ಹಾಗೆ ಇದೂ ಅವನ ಒಂದು ಗುರುತಾಗಿತ್ತು.

ಅಂಗಡಿಯ ಹಿಂದಿನ ಗೋಡೆಯ ತುಂಬ ಮೊಳೆಗಳಿದ್ದವು. ಒಂದೊಂದು ಮೊಳೆಗೆ ಒಂದೊಂದು ಹಾಳಾದ ಬಿಡಿಭಾಗ: ಗೀರು ಬಿದ್ದ ಪಿಸ್ಟನ್ನು, ಕರಗಿದ ಉಂಗುರ, ಹರಿದ ಚೈನು. ಪ್ರತಿಯೊಂದರ ಕೆಳಗೂ ಸೀಮೆಸುಣ್ಣದಲ್ಲಿ ಅದನ್ನು ಹಾಳು ಮಾಡಿದವನ ಹೆಸರು. ಪೆಟ್ರೋಲಿಗೆ ಎಣ್ಣೆ ಬೆರೆಸಲು ಮರೆತ ಅರಣ್ಯ ಕಾವಲುಗಾರನ ಹೆಸರು ಅಲ್ಲಿತ್ತು. ಇಮಾಮರ ಅಳಿಯನ ಹೆಸರಿತ್ತು. ಮಿಮೂನನ ಸ್ವಂತ ತಮ್ಮನ ಹೆಸರಿತ್ತು. ಚಳಿಗಾಲದ ತೇವಕ್ಕೆ ಅಕ್ಷರಗಳು ಮಾಸಿದರೆ ವಸಂತದಲ್ಲಿ ಮತ್ತೆ ತಿದ್ದುತ್ತಿದ್ದ. ಶನಿವಾರ ಸಂತೆಗೆ ಬಂದವರು ಕುರಿ ಮಾರಿ, ಚಹಾ ಕುಡಿದು, ಹೊಸ ಹೆಸರೇನಾದರೂ ಬಿದ್ದಿದೆಯೇ ಎಂದು ನೋಡಿಕೊಂಡೇ ಬೆಟ್ಟ ಹತ್ತುತ್ತಿದ್ದರು.

"ಅಳಿಸೋ ಮಾರಾಯಾ, ಮಗಳಿಗೆ ಗಂಡು ಬರ್ತಿದೆ" ಎಂದು ಒಬ್ಬ ಗೋಗರೆದದ್ದು ನೆನಪಿದೆ.

"ಗಂಡಿನ ಕಡೆಯವ್ರು ನಿನ್ನ ಕೈಗೆ ಗರಗಸ ಕೊಡ್ದಿದ್ರೆ ಆಯ್ತು. ಅಷ್ಟು ಹೇಳು ಅವ್ರಿಗೆ" ಎಂದ ಮಿಮೂನ್. ಅಳಿಸಲಿಲ್ಲ.

ಅವನ ಅಪ್ಪ ಇದ್ದಿಲು ಸುಡುವವನು. ಮಿಮೂನ್ ಹದಿನಾಲ್ಕನೆಯ ವಯಸ್ಸಿಗೆ ಮರದ ಮಿಲ್ಲಿಗೆ ಸೇರಿ, ಎಂಜಿನ್ನುಗಳನ್ನು ಕಿವಿಯಿಂದಲೇ ಕಲಿತ. ಮಕ್ಕಳಾಗಲಿಲ್ಲ. ಹೆಂಡತಿ ಇಜ್ಜಾ ತೀರಿಕೊಂಡ ಮೂರನೆಯ ದಿನ ಅವಳ ಅಣ್ಣ ಅಂಗಳದಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಾಗ ಎಲ್ಲರೆದುರು, "ಆಸ್ಪತ್ರೆಗೆ ವ್ಯಾನು ತರೋಕೆ ನೀನು ಎರಡು ಗಂಟೆ ತಡ ಮಾಡ್ದೆ. ಅದನ್ನ ನೆನಪಿಟ್ಕೊಂಡು ಅಳು" ಎಂದಿದ್ದ. ಆ ಮನುಷ್ಯ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಕೆಲಸದಲ್ಲಿ ಮಾತ್ರ ಅವನಿಗೆ ಸಾಟಿಯಿರಲಿಲ್ಲ. ಬೆಟ್ಟದ ಆಚೆಯಿಂದಲೂ ಜನ ಕತ್ತೆಯ ಮೇಲೆ ಗರಗಸ ಹೇರಿಕೊಂಡು ಬರುತ್ತಿದ್ದರು. ಹಳೆಯ ರಬ್ಬರನ್ನು ಅವನು ಎಂದೂ ಮರಳಿ ಹಾಕಿದವನಲ್ಲ. ಬಿಚ್ಚಿದ ಕೂಡಲೇ ಚಾಕುವಿನಿಂದ ಎರಡು ತುಂಡು ಮಾಡಿ ಡಬ್ಬಿಗೆ ಎಸೆಯುತ್ತಿದ್ದ, ಬೇರೆ ಯಾರೂ ಆಯ್ದುಕೊಂಡು ಹೋಗಿ ಹಾಕದಿರಲಿ ಎಂದು.

ಜಾಯಿದ್ ಬಂದದ್ದು ಡಿಸೆಂಬರಿನಲ್ಲಿ, ಎರಡನೆಯ ಹಿಮ ಬಿದ್ದ ಮರುದಿನ. ಮೂವತ್ತೊಂದು ವರ್ಷದವನು, ಮದುವೆಯಾಗಿರಲಿಲ್ಲ, ಮೇಲಿನ ಕೇರಿಯ ವಿಧವೆ ತೂದಾಳಿಗೆ ಒಬ್ಬನೇ ಮಗ. ಶಾಲೆಯಲ್ಲಿ ನಾನು ಅವನಿಗೆ ಎರಡು ವರ್ಷ ಭೌತಶಾಸ್ತ್ರ ಕಲಿಸಿದ್ದೆ. ಹೆಚ್ಚೇನೂ ತಲೆಗೆ ಹತ್ತಲಿಲ್ಲ, ಆದರೆ ಕಂಡದ್ದನ್ನು ಕಂಡ ಹಾಗೆ ಹೇಳುವ ಹುಡುಗ. ಬೂಜಮಾ ಎಂಬವನ ತಂಡದಲ್ಲಿ ದೇವದಾರು ಕೊಯ್ಯುತ್ತಿದ್ದ. ಅಂದು ಅಂಗಡಿಯ ಒಲೆಯ ಸುತ್ತ ಬೂಜಮಾನೂ ಇನ್ನಿಬ್ಬರೂ ಕೈ ಕಾಯಿಸುತ್ತ ಕುಳಿತಿದ್ದರು. ನಾನು ನನ್ನ ಪಾಲಿನ ಸೌದೆಯ ಲೆಕ್ಕ ಕೇಳಲು ಕೆಳಗಿಳಿದಿದ್ದೆ.

"ಮಾಲೆಮ್, ಇದು ನನ್ನ ಮಾತು ಕೇಳ್ತಿಲ್ಲ" ಎಂದ ಜಾಯಿದ್, ಗರಗಸವನ್ನು ಬೆಂಚಿನ ಮೇಲಿಡುತ್ತ. ಒಳ್ಳೆಯ ಕೆಲಸಗಾರರನ್ನು ನಾವು ಮಾಲೆಮ್ ಎಂದೇ ಕರೆಯುವುದು. "ಹಿಡಿ ಮೇಲಿನ ಗುಂಡಿಯಿಂದ ಬೆರಳು ತೆಗೆದ್ರೂ ಅರಚ್ತಾನೇ ಇರತ್ತೆ. ಚೈನು ನಿಲ್ಲಲ್ಲ."

"ಯಾವಾಗ?"

"ಬೆಳಿಗ್ಗೆ ಹೊತ್ತು. ಕಾಡಲ್ಲಿ."

"ಮಧ್ಯಾಹ್ನ?"

"ಕಮ್ಮಿ. ಬಿಸಿಲು ಬಂದ್ರೆ ಒಂದೊಂದು ಸಲ ಸುಮ್ನಿರತ್ತೆ."

"ಗರಗಸಕ್ಕೂ ನಿನ್ನ ಹಾಗೇ ಬೆಳಿಗ್ಗೆ ಏಳೋಕೆ ಸಿಟ್ಟು" ಎಂದ ಬೂಜಮಾ. ಎಲ್ಲರೂ ನಕ್ಕರು. ಜಾಯಿದನೂ ನಕ್ಕ.

ಮಿಮೂನ್ ನಗಲಿಲ್ಲ. ಇಂಥ ಎಂಜಿನ್ನು ಗಾಳಿಯನ್ನೂ ಪೆಟ್ರೋಲನ್ನೂ ಒಂದು ಅಳತೆಯಲ್ಲಿ ಕುಡಿಯುತ್ತದೆ. ಎಲ್ಲಾದರೂ ಕೂದಲೆಳೆಯಷ್ಟು ಸೀಳಿದ್ದರೆ ಅಳತೆ ಮೀರಿ ಗಾಳಿ ನುಗ್ಗುತ್ತದೆ, ಎಂಜಿನ್ನು ಹೊಟ್ಟೆಗಿಲ್ಲದೆ ಓಡುತ್ತದೆ, ಬೆರಳು ತೆಗೆದರೂ ನಿಲ್ಲುವುದಿಲ್ಲ. ಅವನು ಮಾಡಬೇಕಾದ ಪರೀಕ್ಷೆಯನ್ನೆಲ್ಲ ಮಾಡಿದ. ಮೊದಲು ಒಲೆಯ ಪಕ್ಕದಲ್ಲೇ ಎಂಜಿನ್ನು ಶುರು ಮಾಡಿ, ಬಲಗಿವಿಯನ್ನು ಹತ್ತಿರ ತಂದು ಆಲಿಸಿದ. ಬೆರಳು ಒತ್ತಿದ, ಬಿಟ್ಟ. ಸದ್ದು ಇಳಿಯಿತು. ಮತ್ತೆ ಒತ್ತಿದ, ಬಿಟ್ಟ. ಇಳಿಯಿತು. ಆರಿಸಿ, ಗಾಳಿ ಒಳಬರುವ ಬಾಯಿಗೂ ಹೊಗೆ ಹೊರಹೋಗುವ ಬಾಯಿಗೂ ರಬ್ಬರ್ ತುಂಡು ಬಿಗಿದು, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಇಡೀ ಎಂಜಿನ್ನನ್ನು ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿದ. ನಾವೆಲ್ಲ ಬಗ್ಗಿ ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ.

"ಮೆಷಿನ್ನು ಸರಿ ಇದೆ" ಎಂದ. "ಬೆರಳು ಸರಿ ಇಲ್ಲ."

"ಬೆರಳು ತೆಗೀತೀನಿ ಮಾಲೆಮ್. ದೇವರಾಣೆ ತೆಗೀತೀನಿ."

"ದಪ್ಪ ಕೈಗವಸು ಹಾಕ್ಕೊಂಡಿದೀಯಾ. ತೆಗೆದೆ ಅಂದ್ಕೋತೀಯಾ, ತೆಗೆದಿರಲ್ಲ."

"ಕೆಳಗಿನ ಊರಿನವ್ನು ಒಬ್ಬ ಸ್ಕ್ರೂ ಒಂಚೂರು ತಿರುಗಿಸಿ ಪೆಟ್ರೋಲು ಜಾಸ್ತಿ ಬಿಟ್ರೆ ಸರಿಹೋಗತ್ತೆ ಅಂದ..."

"ತಿರುಗಿಸ್ಕೋ! ಜ್ವರ ಬಂದವ್ನಿಗೆ ಕೋಟು ಹಾಕಿದ ಹಾಗೆ ಅದು. ಎರಡು ದಿನ ಬೆವರ್ತಾನೆ, ಮೂರನೇ ದಿನ ಹೆಣ. ರೋಗ ಇಲ್ಲದಿದ್ರೆ ಔಷಧಿ ಕೊಡಲ್ಲ ನಾನು. ತಗೊಂಡು ಹೋಗು."

ಜಾಯಿದ್ ಗರಗಸ ಹೊತ್ತು ಹೊರಟ. ಬಾಗಿಲಲ್ಲಿ ನನಗೆ ತಲೆ ಬಾಗಿಸಿದ. 'ಬೆಳಿಗ್ಗೆ, ಕಾಡಲ್ಲಿ' ಎಂದು ಅವನು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಮೂವತ್ತನಾಲ್ಕು ವರ್ಷ ಭೌತಶಾಸ್ತ್ರ ಕಲಿಸಿದವಳು ನಾನು. ಅಲ್ಲಿ ಕುಳಿತ ಯಾರಿಗಾದರೂ ಅನುಮಾನ ಬರಬೇಕಾಗಿದ್ದರೆ ಅದು ನನಗೆ. ಬರಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ, ಕೋತಿಗಳ ಇಳಿಜಾರು ಎನ್ನುವ ಕಡೆ, ಬಿದ್ದ ಮರದ ಒಂದು ಕೊಂಬೆ ಕೊಯ್ದು ಇನ್ನೊಂದು ಬದಿಗೆ ಹೋಗುವಾಗ ಜಾಯಿದ್ ಹಿಮದಲ್ಲಿ ಜಾರಿದ. ಚೈನು ಓಡುತ್ತಿತ್ತು. ತೊಡೆಗೆ ಬಿತ್ತು. ನಾಲ್ಕು ಜನ ಅವನನ್ನು ಕಂಬಳಿಯಲ್ಲಿ ಹಾಕಿಕೊಂಡು ರಸ್ತೆಗೆ ಇಳಿಸಿದರು. ರಸ್ತೆಗೆ ಬರುವಷ್ಟರಲ್ಲಿ ಹೊತ್ತುಕೊಂಡವರಿಗೆ ಗೊತ್ತಾಗಿತ್ತು, ಆದರೂ ಯಾರೂ ನಿಲ್ಲಲಿಲ್ಲವಂತೆ.

"ಬೆರಳು ಒತ್ಕೊಂಡೇ ನಡೆದ" ಎಂದ ಬೂಜಮಾ, ಕೇಳಿದವರಿಗೆಲ್ಲ. "ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ. ಸದ್ದು ಕೇಳ್ದೆ. ಬೆರಳು ಒತ್ತದೆ ಆ ಸದ್ದು ಬರಲ್ಲ." ಅವನು ಸುಳ್ಳು ಹೇಳಲಿಲ್ಲ. ಕೇಳಿಸಿದ್ದನ್ನೇ ಹೇಳಿದ.

ಮಣ್ಣಾದ ದಿನ ತೂದಾಳ ಅಂಗಳದಲ್ಲಿ ಗಂಡಸರು ಕುಸ್ಕುಸಿನ ತಟ್ಟೆಗಳ ಸುತ್ತ ಕುಳಿತಿದ್ದಾಗ ಮಾತು ಅಲ್ಲಿಗೇ ಬಂತು. ಯಾರೋ, "ಮೆಷಿನ್ನು ಸರಿ ಇತ್ತೋ ಇಲ್ವೋ" ಎಂದರು. ಮಿಮೂನ್ ಚಮಚ ಕೆಳಗಿಟ್ಟ.

"ಮೆಷಿನ್ನು ಸರಿ ಇತ್ತು. ಹನ್ನೊಂದು ದಿನದ ಹಿಂದೆ ಅವ್ನಿಗೆ ಹೇಳಿದ್ದೆ, ಬೆರಳು ಅಂತ. ಇವ್ರೆಲ್ಲ ಸಾಕ್ಷಿ."

ಅಡುಗೆಮನೆಯ ಬಾಗಿಲು ತೆರೆದಿತ್ತು. ಒಳಗೆ ಹೆಂಗಸರ ನಡುವೆ ಕುಳಿತಿದ್ದ ತೂದಾ ಅದನ್ನು ಕೇಳಿಸಿಕೊಂಡಳು. ನಾನು ಅವಳ ಪಕ್ಕದಲ್ಲಿದ್ದೆ. ಅಳುವುದನ್ನು ನಿಲ್ಲಿಸಿ, ತಲೆಯೆತ್ತಿ, ಆ ದನಿ ಯಾರದೆಂದು ಖಚಿತ ಮಾಡಿಕೊಂಡು, ಮತ್ತೆ ತಲೆ ತಗ್ಗಿಸಿದಳು.

ಆಮೇಲೆ ಊರು ಅದನ್ನೇ ಹೇಳಿತು. ಬಾವಿಯ ಹತ್ತಿರ, ರೊಟ್ಟಿ ಸುಡುವ ಗೂಡಿನ ಹತ್ತಿರ, ಮಕ್ಕಳಿಗೆ ಬುದ್ಧಿ ಹೇಳುವಾಗ: ತೂದಾಳ ಮಗನ ಹಾಗೆ ಮಾಡಬೇಡ. ಸತ್ತವನ ಹೆಸರು ಗೋಡೆಯ ಮೇಲೆ ಬೀಳಲಿಲ್ಲ, ಏಕೆಂದರೆ ತೂಗುಹಾಕಲು ಹಾಳಾದ ಭಾಗ ಇರಲಿಲ್ಲ. ಬೀಳುವ ಅಗತ್ಯವೂ ಇರಲಿಲ್ಲ.

ನಲವತ್ತನೆಯ ದಿನ ಕಳೆದ ಮೇಲೆ, ಫೆಬ್ರವರಿಯ ಒಂದು ಮಂಗಳವಾರ, ನಾನು ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಬೂದಿ ಚೆಲ್ಲುತ್ತಿದ್ದೆ. ತೂದಾ ಮೇಲಿನ ಕೇರಿಯಿಂದ ಇಳಿದು ಬರುತ್ತಿದ್ದಳು. ಬೆನ್ನ ಮೇಲೆ ಪಟ್ಟೆ ಕಂಬಳಿಯಲ್ಲಿ ಏನನ್ನೋ ಕಟ್ಟಿಕೊಂಡಿದ್ದಳು, ಕೂಸನ್ನು ಕಟ್ಟಿಕೊಳ್ಳುವ ಹಾಗೆ. ಅಂಗಡಿಯ ಹೊಸ್ತಿಲಾಚೆ ನಿಂತು ಗಂಟು ಬಿಚ್ಚಿದಳು. ಗರಗಸ.

"ಇದನ್ನ ಇನ್ನೊಂದು ಸಲ ನೋಡು" ಎಂದಳು.

ಮಿಮೂನ್ ಬೆಂಚಿನಿಂದ ತಲೆಯೆತ್ತಿದ. "ನೋಡಿದೀನಿ ನಾನು."

"ಇನ್ನೊಂದು ಸಲ ನೋಡಿದ್ರೆ ಕಣ್ಣೇನು ಸವೆಯಲ್ಲ."

"ಒಳಗೆ ಬಾ. ಹೊರಗೆ ಚಳಿ."

"ನಿನ್ನ ಸೂರಿನ ಕೆಳಗೆ ನಾನು ಕಾಲಿಡಲ್ಲ. ಚಳಿ ಅಂತೆ! ನನ್ನ ಮಗ ಮಲಗಿರೋ ಕಡೆ ಇದಕ್ಕಿಂತ ಚಳಿ."

ಅವಳು ನನ್ನ ಕಡೆ ತಿರುಗಿದಳು, ನಾನು ಸಾಕ್ಷಿ ಎಂಬ ಹಾಗೆ.

"ದಿನಾ ಬೆಳಿಗ್ಗೆ ಹೇಳ್ತಿದ್ದ ಲಲ್ಲಾ" ಎಂದಳು, ನಮ್ಮಲ್ಲಿ ಹಿರಿಯ ಹೆಂಗಸರನ್ನು ಕರೆಯುವ ಹಾಗೆ. "ಅಮ್ಮಾ, ಇದು ಬೆರಳು ತೆಗೆದ್ರೂ ಸುಮ್ನಾಗಲ್ಲ ಅಂತ. ನಾನೇನಂದೆ ಗೊತ್ತಾ? ಮಿಮೂನ್ ಸರಿ ಇದೆ ಅಂದಿದಾನೆ, ಅವ್ನಿಗಿಂತ ನೀನು ದೊಡ್ಡವ್ನಾ, ಹೋಗು ಅಂದೆ. ನಾನೇ ಬುತ್ತಿ ಕಟ್ಟಿ ಕಳಿಸ್ದೆ." ಮೂಗು ಒರೆಸಿಕೊಂಡಳು. "ಈ ಗರಗಸಾನ ನಾನು ಎಷ್ಟು ಚೆನ್ನಾಗಿ ನೋಡ್ಕೊಂಡಿದೀನಿ! ದಿನಾ ಸಂಜೆ ಅವ್ನು ಮುಚ್ಚಳ ತೆಗೆದಿಡ್ತಿದ್ದ, ನಾನು ಒಲೆ ಪಕ್ಕ ಇಟ್ಟು, ಕಂಬಳಿ ಹೊದಿಸ್ತಿದ್ದೆ. ಕುರಿಮರಿಗೂ ಅಷ್ಟು ಮಾಡ್ಲಿಲ್ಲ. ಈಗ ಜನ ಹೇಳ್ತಾರೆ, ಹುಂಬ, ಬೆರಳು ತೆಗೀದೆ ಸತ್ತ ಅಂತ. ಹಂಗೇ ಆಗಿದ್ರೆ ಹೇಳ್ಬಿಡು. ಹುಂಬ ಮಗನಿಗೆ ಹೇಗೆ ಅಳ್ಬೇಕೋ ಹಾಗೆ ಅಳ್ತೀನಿ. ಅಲ್ಲದಿದ್ರೆ ಅದನ್ನೂ ಹೇಳು. ಅಷ್ಟೇ ಬೇಕು ನಂಗೆ."

ಅವಳು ಒಲೆಯ ಮಾತು ಹೇಳಿದ್ದರಲ್ಲಿ ವಿಶೇಷವೇನೂ ಇರಲಿಲ್ಲ. ನಮ್ಮಲ್ಲಿ ಎಲ್ಲರೂ ಮಾಡುವುದು ಅದೇ. ಚಳಿಗಾಲದಲ್ಲಿ ಗರಗಸ ಕೊಟ್ಟಿಗೆಯಲ್ಲಿದ್ದರೆ ಬೆಳಿಗ್ಗೆ ಏಳುವುದಿಲ್ಲ, ಹತ್ತು ಸಲ ಹಗ್ಗ ಎಳೆದರೂ ಏಳುವುದಿಲ್ಲ. ಅದಕ್ಕೇ ಮುಚ್ಚಳ ತೆಗೆದು, ಒದ್ದೆ ಫಿಲ್ಟರನ್ನು ಒಣಗಲು ಬಿಟ್ಟು, ತಗಡಿನ ಒಲೆಯ ಪಕ್ಕ ಮಲಗಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಅತಿಥಿಗಿಂತ ಒಳ್ಳೆಯ ಜಾಗ ಗರಗಸಕ್ಕೆ.

ತೂದಾ ಒಳಗೆ ಬರಲಿಲ್ಲವಾದ್ದರಿಂದ ಮಿಮೂನನೇ ಹೊರಗೆ ಬರಬೇಕಾಯಿತು. ಗರಗಸವನ್ನು ಹಿಮದ ಮೇಲಿಟ್ಟು ಪೆಟ್ರೋಲು ಹಾಕಿದ. ಹಿಡಿಯ ಮೇಲೆ ಕಾಲಿಟ್ಟು ಹಗ್ಗ ಎಳೆದ. ನಾಲ್ಕನೆಯ ಸಲಕ್ಕೆ ಹತ್ತಿತು. ಬೆರಳು ಒತ್ತಿದ.

ಬೆರಳು ಬಿಟ್ಟ.

ಸದ್ದು ಇಳಿಯಲಿಲ್ಲ. ಎಂಜಿನ್ನು ಕಿರುಚುತ್ತಲೇ ಇತ್ತು. ಚೈನು ಓಡುತ್ತಲೇ ಇತ್ತು, ಹಿಮದ ಪುಡಿಯನ್ನು ಎರಚುತ್ತ. ಮಿಮೂನ್ ತನ್ನ ಬೆರಳನ್ನು ನೋಡಿದ. ಅದು ಹಿಡಿಯಿಂದ ದೂರ, ಗಾಳಿಯಲ್ಲಿ ನೆಟ್ಟಗೆ ಇತ್ತು.

"ಇದೇ!" ಎಂದು ತೂದಾ ಕೂಗಿದಳು. "ಅಂಗಳದಲ್ಲಿ ಸೌದೆ ಕೊಯ್ಯುವಾಗ ಇದೇ ಸದ್ದು!"

ಅವನು ಒಂದು ಕೈಯಲ್ಲಿ ಗರಗಸವನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸಣ್ಣ ಕುಂಚವನ್ನು ಪೆಟ್ರೋಲಿಗೆ ಅದ್ದಿ, ಎಂಜಿನ್ನಿನ ಸಂದುಗಳಿಗೆ ಒಂದೊಂದಾಗಿ ಸವರಿದ. ಸೀಳಿರುವ ಕಡೆ ಪೆಟ್ರೋಲು ತಾಗಿದರೆ ಎಂಜಿನ್ನು ಗಾಳಿಯ ಬದಲು ಅದನ್ನು ಎಳೆದುಕೊಳ್ಳುತ್ತದೆ, ಸದ್ದು ಬದಲಾಗುತ್ತದೆ. ಚಕ್ರದ ಬದಿಗೆ ಸವರಿದ. ಏನಿಲ್ಲ. ಸಿಲಿಂಡರಿನ ಬುಡ. ಏನಿಲ್ಲ. ಪೆಟ್ರೋಲು ಗಾಳಿ ಬೆರೆಯುವ ಡಬ್ಬಿಯಿಂದ ಎಂಜಿನ್ನಿಗೆ ಹೋಗುವ, ಹೆಬ್ಬೆರಳಷ್ಟು ಉದ್ದದ ರಬ್ಬರ್ ನಳಿಕೆಯ ಬಲಬದಿ. ಏನಿಲ್ಲ. ಎಡಬದಿ.

ಸದ್ದು ತಟಕ್ಕನೆ ಕುಸಿಯಿತು, ಗುಟುಕು ನೆತ್ತಿಗೇರಿದವನಂತೆ ಕೆಮ್ಮಿತು, ಮತ್ತೆ ಏರಿತು. ಅವನು ಮೂರು ಸಲ ಸವರಿದ. ಮೂರು ಸಲವೂ ಕುಸಿಯಿತು. ಆಮೇಲೆ ಎಂಜಿನ್ನು ಆರಿಸಿದ.

ತೂದಾ ಹೊಸ್ತಿಲಾಚೆ ಒಂದು ಮರದ ಪೆಟ್ಟಿಗೆಯ ಮೇಲೆ, ಬೀದಿಗೆ ಮುಖ ಮಾಡಿ ಕುಳಿತಳು. ಅವನು ಒಳಗೆ ಕುಳಿತು ಬಿಚ್ಚಿದ. ಅರ್ಧ ಗಂಟೆ ಹಿಡಿಯಿತು. ಆಮೇಲೆ ಮೆಲ್ಲನೆ, "ಲಲ್ಲಾ, ಕನ್ನಡಕ ಹಾಕ್ಕೊಂಡು ಬನ್ನಿ" ಎಂದ.

ನಳಿಕೆ ಹಳೆಯ ಪತ್ರಿಕೆಯ ಮೇಲಿತ್ತು. ಅದರ ಬಲಬದಿ ಕಪ್ಪಗೆ, ಮೆತ್ತಗೆ, ಉಪ್ಪಿನಲ್ಲಿ ಹಾಕಿದ ಆಲಿವಿನ ಹಾಗಿತ್ತು. ಎಡಬದಿ ಕಂದುಗಟ್ಟಿ, ಸೀದ ರೊಟ್ಟಿಯಂತೆ ಗಡುಸಾಗಿ ಹೊಳೆಯುತ್ತಿತ್ತು. ಅದರ ಮೇಲೊಂದು ಗೆರೆ, ಕೂದಲಿನಷ್ಟು ತೆಳು. ಅವನು ನಳಿಕೆಯನ್ನು ಒಲೆಯ ಹತ್ತಿರ ಹಿಡಿದ. ಎರಡು ನಿಮಿಷದಲ್ಲಿ ರಬ್ಬರ್ ಸಡಿಲಗೊಂಡು ಗೆರೆಯ ಅಂಚುಗಳು ಕೂಡಿಕೊಂಡವು, ಕಾಣದಾಯಿತು. ಕಿಟಕಿಯ ಹೊರಗೆ ಹಿಮದ ಮೇಲಿಟ್ಟ. ಗೆರೆ ಬಾಯಿ ತೆರೆಯಿತು.

"ನಾನು ಒಲೆ ಪಕ್ಕ ಕೂತು ನೋಡಿದೆ" ಎಂದ. ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ, ಕಂದು ಬದಿಯನ್ನು ಉಗುರಿನಿಂದ ತಟ್ಟಿ, ಇನ್ನೂ ಮೆಲ್ಲಗೆ ಅಂದ: "ಎಂಜಿನ್ನಿನ ಶಾಖ ಬರೋದು ಈ ತುದಿಯಿಂದ. ಬಂದ್ರೆ ಸುತ್ತಲೂ ಬರ್ಬೇಕು. ಇದು ಒಂದೇ ಮಗ್ಗುಲು ಬೆಂದಿದೆ. ಇದು ಹೊರಗಿನ ಬೆಂಕಿ."

ಯಾವ ಬೆಂಕಿ ಎಂದು ನಾನು ಕೇಳಲಿಲ್ಲ. ಇಬ್ಬರೂ ಬಾಗಿಲ ಕಡೆ ನೋಡಿದೆವು. ಪೆಟ್ಟಿಗೆಯ ಮೇಲೆ ಅವಳ ಬೆನ್ನು ಕಾಣುತ್ತಿತ್ತು. ಗರಗಸಕ್ಕೆ ಹೊದಿಸುತ್ತಿದ್ದ ಕಂಬಳಿಯನ್ನು ಈಗ ಅವಳೇ ಹೊದ್ದುಕೊಂಡಿದ್ದಳು.

ಅವನ ಸ್ವಭಾವ ಬಲ್ಲ ನನಗೆ ಮುಂದೇನೆಂದು ಗೊತ್ತಿತ್ತು. ಎದ್ದು ಹೋಗಿ ಹೇಳುತ್ತಾನೆ: ನೀನು ಒಲೆಯ ಪಕ್ಕ ಇಟ್ಟೆ, ಅದಕ್ಕೇ ಬೆಂದಿತು. ಇಜ್ಜಾಳ ಅಣ್ಣನಿಗೆ ಹೇಳಿದ ಹಾಗೆ. ಹೇಳಿದರೆ ಅದು ಸುಳ್ಳೂ ಅಲ್ಲ. ತಡೆಯಬೇಕೆಂದು ನನಗೆ ಅನಿಸಲಿಲ್ಲ. ನಿಜ ಕೇಳಲು ಬಂದವಳಿಗೆ ನಿಜ ಸಿಗಬೇಕು ಎಂಬುದು ನನ್ನ ಅಭಿಪ್ರಾಯವಾಗಿತ್ತು.

ಮಿಮೂನ್ ಕೈ ಒರೆಸಿಕೊಂಡು ಹೊರಗೆ ಹೋಗಿ ಅವಳೆದುರು ನಿಂತ.

"ಬೆರಳು ಸರಿ ಇತ್ತು" ಎಂದ. "ನಿನ್ನ ಮಗ ಬೆರಳು ತೆಗೆದಿದ್ದ. ಮೆಷಿನ್ನು ಗಾಳಿ ಎಳೀತಿತ್ತು."

ಅವಳು ಕಂಬಳಿಯ ಅಂಚನ್ನು ಎಳೆದುಕೊಂಡಳು.

"ಈ ನಳಿಕೆ ಹೋದ ವರ್ಷ ನಾನೇ ಹಾಕಿದ್ದು. ಹಳೇದು. ಸತ್ತ ಮೆಷಿನ್ನಿಂದ ಕಿತ್ತು ಹಾಕ್ದೆ. ಅದು ಸೀಳ್ತು. ಅವ್ನು ತಂದಾಗ ಬೆಚ್ಚಗಿರೋ ಕಡೆ ಇಟ್ಟು ನೋಡ್ದೆ, ಸೀಳು ಮುಚ್ಕೊಂಡಿತ್ತು. ಹೊರಗೆ ತಂದು ನೋಡ್ಬೇಕಿತ್ತು. ನೋಡ್ಲಿಲ್ಲ."

ಕೊನೆಯ ಮೂರು ಮಾತು ನಿಜ. ಹಳೆಯ ನಳಿಕೆಯನ್ನು ತಾನೇ ಹಾಕಿದೆ ಎಂಬ ಮೊದಲಿನ ಮಾತು ಸುಳ್ಳು. ನಳಿಕೆಯ ಮೇಲೆ ಅಚ್ಚೊತ್ತಿದ್ದ ವರ್ಷವೂ ಎಂಜಿನ್ನಿನ ಮೇಲಿನ ವರ್ಷವೂ ಒಂದೇ ಎಂದು ಕನ್ನಡಕ ಹಾಕಿಕೊಂಡಿದ್ದ ನಾನು ಆಗಷ್ಟೇ ಓದಿದ್ದೆ. ಅದು ಗರಗಸದ ಜೊತೆಗೇ ಬಂದದ್ದು.

ತೂದಾ ನಿಧಾನವಾಗಿ ಎದ್ದಳು. ಅವಳು ದಡ್ಡಿಯಲ್ಲ. ಬಾಗಿಲೊಳಗೆ ಬೆಂಚಿನ ಕಡೆ, ಒಲೆಯ ಕಡೆ ನೋಡಿದಳು.

"ಬೆಚ್ಚಗಿದ್ರೆ ಮುಚ್ಕೊಳ್ಳತ್ತೆ ಅಂದೆ. ಹಂಗಾದ್ರೆ ಒಲೆ... ನಾನು ದಿನಾ ಒಲೆ ಪಕ್ಕ ಇಡ್ತಿದ್ನಲ್ಲ. ಅದ್ರಿಂದ ಏನಾದ್ರೂ..."

"ಒಲೆ ಅಂತೆ ಒಲೆ!" ಮಿಮೂನ್ ಗದರಿದ, ಸೀಮೆಸುಣ್ಣ ಹಿಡಿದಾಗಿನ ಅದೇ ದನಿಯಲ್ಲಿ. "ಊರಲ್ಲಿ ಯಾರ ಮನೇಲಿ ಇಡಲ್ಲ? ಎಲ್ಲರ ಮೆಷಿನ್ನೂ ಸೀಳಿದೆಯಾ? ರೊಟ್ಟಿ ಸುಡೋದು ನಿಂಗೊತ್ತು, ಎಂಜಿನ್ನು ನಂಗೊತ್ತು. ಸುಮ್ನಿರು."

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೊಸ್ತಿಲ ಮೇಲೆ ಉಗಿದಳು.

"ನಿನ್ನ ಕೈ ಒಣಗಿ ಹೋಗ್ಲಿ ಮಿಮೂನ್. ಮಣ್ಣಿನ ದಿನ ನನ್ನ ಅನ್ನ ಉಣ್ತಾ ನನ್ನ ಮಗನ್ನ ಹುಂಬ ಅಂದೆ."

"ಅಂದೆ."

"ಇದನ್ನ ಬೂಜಮಾನ ಎದುರಿಗೆ ಹೇಳ್ತೀಯಾ?"

"ಶನಿವಾರ ಬಾ."

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವಾರ ಮಿಮೂನ್ ಗರಗಸವಿದ್ದ ಪ್ರತಿ ಮನೆಗೂ ಹೋದ. "ಒಲೆ ಪಕ್ಕ ಇಡ್ಬೇಡಿ, ಪೆಟ್ರೋಲಿನ ಆವಿಗೆ ಬೆಂಕಿ ಹತ್ಕೊಂಡ್ರೆ ಮನೆ ಮಂದಿಯೆಲ್ಲ ಬೂದಿ" ಎಂದು ಹೆದರಿಸಿದ. ಪ್ರತಿ ಎಂಜಿನ್ನಿನ ನಳಿಕೆ ಮುಟ್ಟಿ ನೋಡಿ, ಗಡುಸಾಗಿದ್ದನ್ನೆಲ್ಲ ಬದಲಿಸಿದ. ಹದಿಮೂರು ಸಿಕ್ಕವು. ಜನ ಅದನ್ನು ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಂಡರು: ಎಲ್ಲರಿಗೂ ಹಳೆಯ ರಬ್ಬರ್ ಹಾಕಿದ್ದಾನೆ, ಈಗ ಹೆದರಿ ಬದಲಿಸುತ್ತಿದ್ದಾನೆ. ಮುಂದಿನ ಚಳಿಗಾಲದೊಳಗೆ ಅರ್ಧಕ್ಕರ್ಧ ಗರಗಸಗಳು ಕೆಳಗಿನ ಊರಿಗೆ ಹೋದವು, ಸ್ಕ್ರೂ ತಿರುಗಿಸುವವನ ಹತ್ತಿರ. ಅದರ ಮುಂದಿನ ವರ್ಷ ಮಿಮೂನ್ ಅಂಗಡಿ ಮುಚ್ಚಿದ. ಕಳೆದ ನವೆಂಬರಿನಲ್ಲಿ ತೀರಿಕೊಂಡ. ಮಣ್ಣಿಗೆ ಒಂಬತ್ತು ಜನ ಬಂದಿದ್ದರು. ತೂದಾ ಬರಲಿಲ್ಲ. ಅವಳು ಅವನನ್ನು ಕ್ಷಮಿಸಲಿಲ್ಲ, ಕ್ಷಮಿಸದೆ ಇರುವುದಕ್ಕೆ ಅವಳಿಗೆ ಪೂರ್ತಿ ಹಕ್ಕಿತ್ತು. ಅವಳು ಈಗಲೂ ಚಳಿಗಾಲದ ಸಂಜೆ ಅದೇ ಒಲೆಯ ಪಕ್ಕ ಕುಳಿತು ಉಣ್ಣೆ ನೂಲುತ್ತಾಳೆ, ಮಗನ ಮಾತು ಬಂದರೆ, "ಅವ್ನು ಬೆರಳು ತೆಗೆದಿದ್ದ" ಎನ್ನುತ್ತಾಳೆ.

ಆ ಶನಿವಾರಕ್ಕೆ ಬರುತ್ತೇನೆ.

ಸಂತೆ ತುಂಬಿತ್ತು. ಅಂಗಡಿಯಲ್ಲಿ ಬೂಜಮಾ ಮತ್ತು ಅವನ ತಂಡದ ಆರು ಜನ ಚಹಾದ ಲೋಟ ಹಿಡಿದು ನಿಂತಿದ್ದರು. ಹೊರಗೆ ಇನ್ನಷ್ಟು ಜನ. ತೂದಾ ಬಂದು ಹೊಸ್ತಿಲಾಚೆ ನಿಂತಳು. ಜನ ಸರಿದು ಜಾಗ ಬಿಟ್ಟರು.

ಮಿಮೂನ್ ಹೇಳಬೇಕಾದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ. ಮಂಗಳವಾರ ಹೇಳಿದ್ದೇ, ಅದೇ ಸುಳ್ಳಿನೊಂದಿಗೆ.

ಬೂಜಮಾ ಲೋಟ ಕೆಳಗಿಟ್ಟ. ಅವನ ಹೆಸರು ಆ ಗೋಡೆಯ ಮೇಲೆ ಎರಡು ಸಲ ಇತ್ತು.

"ನಮ್ಮೆಲ್ಲರ ಮಾನ ಮೊಳೆಗೆ ಹಾಕಿದೆಯಲ್ಲ ಮಾಲೆಮ್" ಎಂದ. "ನಿಂಗೆ ಮೊಳೆ ಇದೆಯಾ, ಇಲ್ಲಾ ಸಂತೇಲಿ ಕೊಂಡು ತರ್ಲಾ?"

"ಇದೆ" ಎಂದ ಮಿಮೂನ್.

ಜೇಬಿನಿಂದ ನಳಿಕೆ ತೆಗೆದ. ಅದನ್ನು ಅವನು ತುಂಡು ಮಾಡಿರಲಿಲ್ಲ. ತಮ್ಮನ ಹೆಸರಿನ ಪಕ್ಕದ ಖಾಲಿ ಮೊಳೆಗೆ ತೂಗುಹಾಕಿದ. ಸೀಮೆಸುಣ್ಣ ಹುಡುಕಿ, ಕೆಳಗೆ ತನ್ನ ಹೆಸರು ಬರೆದ. ಅಕ್ಷರಗಳು ಯಾವಾಗಿನ ಹಾಗೆ ಓರೆಯಾಗಿಯೇ ಬಂದವು. ಬೂಜಮಾ ನಗಲಿಲ್ಲ.

ಅವನು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಆಮೇಲೆ ಬಾಗಿಲ ಕಡೆ, ಹೊಸ್ತಿಲಾಚೆ ನಿಂತವಳ ಕಡೆ ಒಮ್ಮೆ ನೋಡಿದ. ಮತ್ತೆ ಗೋಡೆಯ ಹತ್ತಿರ ಹೋಗಿ, ಒಂದು ಬೆರಳಿನಿಂದ ನಳಿಕೆಯನ್ನು ಅರ್ಧ ಸುತ್ತು ತಿರುಗಿಸಿ, ಬೆಂದ ಮಗ್ಗುಲು ಗೋಡೆಗೆ ಬರುವಂತೆ ಮಾಡಿದ.